'ಏರ್' ಅಂದ್ರೆ ಮಟ್ಟಾ, ಧಾಟಿನಾ, ರಾಗಾನಾ?

ಎಲ್ರಿಗೂ ನಮಸ್ಕಾರ. ಐರ್ಲೆಂಡಿನ ದೇಶಭಕ್ತ ಕವಿ ಥಾಮಸ್ ಮೂರ್ ಬಗ್ಗೆ ಇರೋ ಒಂದು ಹಳೇ ಸಚಿತ್ರ ಜೀವನಚರಿತ್ರೆಯ ಸ್ಕ್ಯಾನ್ ಪ್ರತಿ ಸಿಕ್ತು, ಅದರ ಕೆಲವು ಭಾಗ ಕನ್ನಡಕ್ಕೆ ತರ್ತಾ ಇದ್ದೀನಿ, 'ಏರ್' ಅನ್ನೋ ಪದದ ಹತ್ರ ಬಂದು ನಿಂತಿದೀನಿ. ಗಾಳಿ ಅಲ್ಲ, ಸಂಗೀತದ ಏರ್ (air), ಅಂದ್ರೆ ಹಾಡಿನ ಟ್ಯೂನ್.

ಸಂದರ್ಭ ಗೊತ್ತಾಗದೆ ಪದ ಹೇಳೋಕಾಗಲ್ಲ, ಅದಕ್ಕೆ ಸ್ವಲ್ಪ ಹಿನ್ನೆಲೆ. ಮೂರ್ 1779ರಲ್ಲಿ ಡಬ್ಲಿನ್‌ನ ಒಂದು ದಿನಸಿ ಅಂಗಡಿಯವರ ಮನೇಲಿ ಹುಟ್ಟಿದೋನು, ಕ್ಯಾಥೊಲಿಕ್ಕು. ಅವನ ಹೆಸರು ಇವತ್ತಿಗೂ ಉಳಿದಿರೋದು 'ಐರಿಶ್ ಮೆಲೊಡೀಸ್' ಹಾಡುಗಳಿಂದ, 1808ರಿಂದ 1834ರ ತನಕ ಕಂತುಕಂತಾಗಿ ಬಂದ್ವು. ಇದರಲ್ಲಿ ಸಾಹಿತ್ಯ ಮಾತ್ರ ಅವನದು. 1792ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹಾರ್ಪ್ ಅನ್ನೋ ತಂತಿವಾದ್ಯದ ಹಳೇ ವಾದಕರನ್ನ ಸೇರಿಸಿ ನುಡಿಸಿದ್ರು, ಆಗ ಎಡ್ವರ್ಡ್ ಬಂಟಿಂಗ್ ಅನ್ನೋ ಹತ್ತೊಂಬತ್ತರ ಹುಡುಗ ಕೂತು ಸ್ವರ ಬರ್ಕೊಂಡು 1796ರಲ್ಲಿ ಅಚ್ಚು ಹಾಕಿಸಿದ, ಮೂರ್ ಅಂಥಾ ಹಳೇ ಟ್ಯೂನ್‌ಗಳನ್ನ ತಗೊಂಡು ಅದಕ್ಕೆ ಕೂರೋ ಹಾಗೆ ಪದ ಕಟ್ಟಿದ, ಪಿಯಾನೋಗೆ ಜಾನ್ ಸ್ಟೀವನ್ಸನ್ ಹೊಂದಿಸಿಕೊಟ್ಟ. (ಮೂರ್ ಬೇಕಾದ ಕಡೆ ತಿದ್ದಿದ ಅಂತ ಬಂಟಿಂಗ್‌ಗೆ ಸಿಟ್ಟಿತ್ತು, ನನಗಂತೂ ಆ ಸಿಟ್ಟು ನ್ಯಾಯವೇ ಅನ್ಸುತ್ತೆ.)

ಹಾಗಾಗಿ ಪ್ರತಿ ಹಾಡಿನ ಮೇಲೂ 'ಏರ್' ಅಂತ ಹಾಕಿ ಹಳೇ ಹಾಡಿನ ಹೆಸರು ಕೊಟ್ಟಿರ್ತಾರೆ. 'ದಿ ಲಾಸ್ಟ್ ರೋಸ್ ಆಫ್ ಸಮ್ಮರ್' ಮೇಲೆ 'ಗ್ರೋವ್ಸ್ ಆಫ್ ಬ್ಲಾರ್ನಿ', 'ಮಿನ್‌ಸ್ಟ್ರೆಲ್ ಬಾಯ್' ಮೇಲೆ 'ದಿ ಮೊರೀನ್', ಹೀಗೆ. ಇದು ನೋಡಿದ ತಕ್ಷಣ ನನಗೆ ನೆನಪಾಗಿದ್ದು ನಮ್ಮ ಕಂಪನಿ ನಾಟಕದ ಹಾಡಿನ ಪುಸ್ತಕಗಳು, ಅಲ್ಲೂ ಹಾಡಿನ ತಲೆ ಮೇಲೆ ಇನ್ನೊಂದು ಹಾಡಿನ ಮೊದಲ ಸಾಲು ಕೊಟ್ಟು 'ಎಂಬ ಮಟ್ಟು', 'ಎಂಬ ಧಾಟಿ' ಅಂತ ಹಾಕಿರ್ತಾರಲ್ಲ, ಅದೇ ಕೆಲಸ. ಸೋ ಮಟ್ಟು ಅಂತಲೇ ಬರೆದೆ.

ಆದ್ರೆ ಸ್ನೇಹಿತರೊಬ್ರು, ಯಕ್ಷಗಾನದ ಹುಚ್ಚಿರೋರು, ತಕರಾರು ತೆಗೆದ್ರು. ಭಾಗವತರು ಒಂದೇ ಮಟ್ಟಿನ ಪದಾನ ಬೇರೆ ಬೇರೆ ರಾಗದಲ್ಲಿ ಹಾಡ್ತಾರೆ, ಅಲ್ಲಿ ಮಟ್ಟು ಅಂದ್ರೆ ತಾಳ ಛಂದಸ್ಸಿನ ಅಚ್ಚು, ಏರ್ ಅಂದ್ರೆ ಸ್ವರಗಳೇ ಫಿಕ್ಸ್ ಅಲ್ವಾ ಅಂತ. ಪಾಯಿಂಟ್ ಸರಿ ಇದೆ. ಹಾಗಂತ ರಾಗ ಅನ್ನೋದು ಇನ್ನೂ ತಪ್ಪು, ಒಂದೇ ರಾಗದಲ್ಲಿ ನೂರು ಹಾಡು ಇರಬಹುದು.

ಕಷ್ಟ ಬಂದಿರೋದು ಈ ವಾಕ್ಯದಲ್ಲಿ. ಟ್ರಿನಿಟಿ ಕಾಲೇಜಲ್ಲಿ ಮೂರ್‌ಗೆ ರಾಬರ್ಟ್ ಎಮೆಟ್ ಗೆಳೆಯ, ಬ್ರಿಟಿಷರ ವಿರುದ್ಧದ 1803ರ ಬಂಡಾಯಕ್ಕೆ ಗಲ್ಲಿಗೇರಿದನಲ್ಲ, ಅವನೇ. ಒಂದ್ಸಲ ಮೂರ್ ಪಿಯಾನೋ ಮೇಲೆ 'ರೆಡ್ ಫಾಕ್ಸ್' ಅನ್ನೋ ಏರ್ ನುಡಿಸ್ತಿದ್ದಾಗ ಪಕ್ಕದಲ್ಲಿದ್ದ ಎಮೆಟ್ ಕನಸಿಂದ ಎದ್ದೋನ ಹಾಗೆ ಎದ್ದು, ಈ ಏರ್‌ಗೆ ಹೆಜ್ಜೆ ಹಾಕೋ 20,000 ಜನರ ಮುಂದೆ ನಾನಿರಬೇಕಿತ್ತು ಅಂದನಂತೆ, ಮೂರ್‌ನೇ ಬರ್ಕೊಂಡಿದಾನೆ. ಇಲ್ಲಿ 'ಈ ಮಟ್ಟಿಗೆ ಹೆಜ್ಜೆ ಹಾಕುತ್ತ' ಅಂದ್ರೆ ಓದೋರು 'ಇಷ್ಟರ ಮಟ್ಟಿಗೆ' ಅಂತ ತಿಳ್ಕೊಂಡ್ರೆ ಕಥೆ ಮುಗೀತು. 'ಈ ಧಾಟಿಗೆ' ಅಂದ್ರೆ ಮಾತಿನ ಧಾಟಿ ನೆನಪಾಗುತ್ತೆ. ಸದ್ಯಕ್ಕೆ ಹಾಡಿನ ತಲೆ ಮೇಲೆ 'ಮಟ್ಟು', ಈ ವಾಕ್ಯದಲ್ಲಿ 'ಹಾಡಿನ ಧಾಟಿ' ಅಂತ ಇಟ್ಟಿದೀನಿ, ಒಂದೇ ಪುಸ್ತಕದಲ್ಲಿ ಎರಡು ಪದ ಸರಿನಾ?

ಇನ್ನೊಂದು ಚಿಕ್ಕದು, 'ಮಿನ್‌ಸ್ಟ್ರೆಲ್' ಬಾಯ್‌ನ 'ಮಿನ್‌ಸ್ಟ್ರೆಲ್', ಅಂದ್ರೆ ಊರೂರು ಸುತ್ತಿ ಹಾಡೋನು. ಹಾಡಲ್ಲಿ ಅಪ್ಪನ ಕತ್ತಿ ಸೊಂಟಕ್ಕೆ ಕಟ್ಟಿ, ಹಾರ್ಪ್ ಬೆನ್ನಿಗೆ ಹಾಕ್ಕೊಂಡು ಯುದ್ಧಕ್ಕೆ ಹೋಗೋ ಹುಡುಗ ಅವನು. ಕುವೆಂಪು ಬ್ರೌನಿಂಗ್‌ನ ಪೈಪರ್‌ನ ಕಿಂದರಿಜೋಗಿ ಮಾಡಿದ್ರು, ಅದು ಪೂರ್ತಿ ಬೊಮ್ಮನಹಳ್ಳಿಗೇ ತಂದಿದ್ರಿಂದ ನಡೀತು, ಇಲ್ಲಿ ಐರ್ಲೆಂಡು ಐರ್ಲೆಂಡಾಗೇ ಇರಬೇಕು, ಜೋಗಿ ಬೇಡ. 'ಹಾಡುಗಾರ ಹುಡುಗ' ಅಂದ್ರೆ ಸಪ್ಪೆ.

ಹಳೇ ನಾಟಕದ ಪದಗಳು, ಭಜನೆ ಪುಸ್ತಕ ಇರೋರು ನಿಮ್ಮದರಲ್ಲಿ ಮಟ್ಟು ಅಂತಿದೆಯಾ ಧಾಟಿ ಅಂತಿದೆಯಾ, ಯಾವ ಊರಲ್ಲಿ ಅಚ್ಚಾಗಿದ್ದು ಅಂತ ನೋಡಿ ತಿಳಿಸಿ.