ವಿಹಾರಕ್ಕೆಂದು ಕಟ್ಟಿಸಿದ ಖಾಸಗಿ ಮಣ್ಣೇರಿಗೆ ಕನ್ನಡದಲ್ಲಿ ಏನೆನ್ನಬೇಕು?

ಅಮೆರಿಕದ ಅಣೆಕಟ್ಟುಗಳ ರಾಷ್ಟ್ರೀಯ ಪಟ್ಟಿಯನ್ನು ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. 90,000ಕ್ಕೂ ಹೆಚ್ಚು ಕಟ್ಟಡಗಳಿರುವ ಆ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವು ಖಾಸಗಿಯವರ ಒಡೆತನದವು. ‘ಅರ್ತ್ ಡ್ಯಾಮ್’, ‘ಪ್ರೈವೇಟ್’, ‘ರಿಕ್ರಿಯೇಷನ್’ ಎಂಬ ಮೂರು ಮಾತುಗಳು ಅಲ್ಲಿ ಮತ್ತೆ ಮತ್ತೆ ಒಟ್ಟಿಗೇ ಬರುತ್ತವೆ. ನಾನು ಮೊದಲು ‘ಮನರಂಜನೆಗಾಗಿ ಬಳಸುವ ಚಿಕ್ಕ ಖಾಸಗಿ ಮಣ್ಣಿನ ಅಣೆಕಟ್ಟು’ ಎಂದು ಬರೆದು, ತೀರ್ಥಹಳ್ಳಿಯ ನಮ್ಮ ಮನೆಯ ಪಕ್ಕದಲ್ಲಿರುವ ಅಡಿಕೆ ಬೆಳೆಗಾರರೊಬ್ಬರಿಗೆ ಓದಿ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, ‘ಯಾವ ಹೊಳೆಗೆ ಕಟ್ಟಿದ್ದು ಮಾರಾಯ್ರೇ?’ ಎಂಬುದು.

ಆ ಒಂದೇ ಪ್ರಶ್ನೆಯಿಂದ ನನ್ನ ಅನುವಾದ ತಪ್ಪೆಂದು ನನಗೆ ಮನವರಿಕೆಯಾಯಿತು. ಅಣೆ ಎಂದರೆ ಹರಿಯುವ ನದಿಗೆ ಅಡ್ಡ ಹಾಕಿದ ತಡೆ. ಇಂಗ್ಲಿಷಿನವರು ‘ಅನಿಕಟ್’ ಎಂಬ ಮಾತನ್ನು ತಮಿಳಿನ ‘ಅಣೈಕ್ಕಟ್ಟು’ ಪದದಿಂದಲೇ ಪಡೆದರು. ಗಾಜನೂರಿನಲ್ಲಿ ತುಂಗೆಗೆ ಕಟ್ಟಿದ್ದನ್ನೂ ತುಂಗಾ ಅನಿಕಟ್ ಎಂದೇ ಕರೆದರು. ಮಳೆಗಾಲದಲ್ಲಿ ಲಿಂಗನಮಕ್ಕಿಯ ನೀರು ಪೂರ್ಣಮಟ್ಟವಾದ 1,819 ಅಡಿಗೆ ಇನ್ನೆಷ್ಟು ಬಾಕಿಯಿದೆಯೆಂದು ದಿನವೂ ಪತ್ರಿಕೆಯಲ್ಲಿ ನೋಡುವ ನಮ್ಮ ಜನಕ್ಕೆ ಅಣೆಕಟ್ಟು ಎಂದೊಡನೆ ಕಣ್ಣಿಗೆ ಬರುವುದು ಶರಾವತಿ, ಭದ್ರೆಗಳಂಥ ಹೊಳೆ. ಅಮೆರಿಕದ ಆ ಪಟ್ಟಿಗೆ ಸೇರಲು ಹೊಳೆಯೇ ಬೇಕೆಂದಿಲ್ಲ: ಕಟ್ಟಡ 6 ಅಡಿಗಿಂತ ಎತ್ತರವಾಗಿದ್ದು 50 ಎಕರೆ-ಅಡಿ, ಅಂದರೆ ಆರು ಕೋಟಿ ಲೀಟರಿಗೆ ತುಸು ಹೆಚ್ಚು ನೀರು ಹಿಡಿದರೆ ಸಾಕು. ಎರಡು ಗುಡ್ಡಗಳ ನಡುವಿನ ಸಣ್ಣ ಹಳ್ಳಕ್ಕೆ ಮಣ್ಣು ಏರಿಸಿ, ನೀರು ನಿಲ್ಲಿಸಿ, ದೋಣಿ ಬಿಡುವುದಕ್ಕೋ ಮೀನು ಹಿಡಿಯುವುದಕ್ಕೋ ಈಜುವುದಕ್ಕೋ ಬಳಸುವ ಜಾಗ ಅದು. ಕಟ್ಟಡದ ಬಗೆಯನ್ನು ನೋಡಿದರೆ ನಮ್ಮ ಭಾಷೆಯಲ್ಲಿ ಅದು ಕೆರೆ. ಆ ಮಣ್ಣಿನ ದಿಬ್ಬ ಏರಿ. ತಮಿಳಿನಲ್ಲಿ ‘ಏರಿ’ ಎಂದರೆ ನೀರು ನಿಂತ ಕೆರೆಯೇ ಆಗುತ್ತದೆ, ಕನ್ನಡದಲ್ಲಿ ಅದೇ ಮಾತು ದಿಬ್ಬಕ್ಕೆ ನಿಂತಿದೆ. ಆದ್ದರಿಂದ ‘ಅರ್ತ್ ಡ್ಯಾಮ್’ ಎಂಬುದಕ್ಕೆ ‘ಮಣ್ಣೇರಿ’ ಎಂದರೆ ಅರ್ಥ ತಪ್ಪುವುದಿಲ್ಲವೆಂದು ನನ್ನ ಎಣಿಕೆ. ನಾವು ಬಾವಿಯನ್ನು ತೋಡಿಸುತ್ತೇವೆ, ಹೊಂಡವನ್ನು ತೆಗೆಸುತ್ತೇವೆ, ಕೆರೆಯನ್ನು ಮಾತ್ರ ಕಟ್ಟಿಸುತ್ತೇವೆ. ನೀರನ್ನು ಕಟ್ಟಲಾಗದು, ಕಟ್ಟುವುದು ಏರಿಯನ್ನೇ ಎಂಬ ತಿಳಿವಳಿಕೆ ಆ ಕ್ರಿಯಾಪದದಲ್ಲಿಯೇ ಅಡಗಿದೆ. ಈ ಕಾರಣಕ್ಕಾಗಿಯೇ ‘ಕೃಷಿ ಹೊಂಡ’ ಎಂಬ ಈಚಿನ ಪದ ಇಲ್ಲಿ ಒದಗುವುದಿಲ್ಲ, ಅದು ನೆಲವನ್ನು ಅಗೆದು ಮಾಡಿದ್ದು.

ಆದರೆ ಕೆರೆ ಎಂದೊಡನೆ ಇನ್ನೊಂದು ತೊಡಕು ಹುಟ್ಟುತ್ತದೆ, ನನಗೆ ಹೆಚ್ಚು ಕಾಡಿದ್ದು ಅದು. ಕೆರೆಗೆ ತೂಬು (ನೀರು ಬಿಡುವ ಕಂಡಿ), ಕೋಡಿ (ಹೆಚ್ಚಾದ ನೀರು ಹೊರಹೋಗುವ ದಾರಿ), ನೀರುಗಂಟಿ (ನೀರು ಹಂಚುವವ), ಅಚ್ಚುಕಟ್ಟು (ಕೆರೆಯ ನೀರುಣ್ಣುವ ಜಮೀನು) ಎಂಬ ಪರಿವಾರವಿದೆ. ಯಾವ ಕೆರೆ ಎಷ್ಟು ದೊಡ್ಡದೆಂಬುದನ್ನು ನಮ್ಮಲ್ಲಿ ಅದರ ಅಚ್ಚುಕಟ್ಟಿನ ಎಕರೆಯಿಂದಲೇ ಹೇಳುವ ರೂಢಿಯಿದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನದಲ್ಲಿ ಕದಂಬರ ಕಾಕುಸ್ಥವರ್ಮ ದೇವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನು ಹಾಡಿ ಹೊಗಳಿರುವುದು ಅದು ಹಲವರಿಗೆ ಒದಗಿದ ಕೆಲಸವಾದುದರಿಂದ. ನಾನು ಹೇಳುತ್ತಿರುವ ಕಟ್ಟಡಕ್ಕೆ ಕೋಡಿ ಇದೆ, ಇರಲೇಬೇಕು. ನೀರು ಏರಿಯ ಮೇಲೆ ಹತ್ತಿ ಹರಿದರೆ ಮಣ್ಣು ಕೊರೆದುಹೋಗಿ ಏರಿ ಒಡೆಯುತ್ತದೆಂಬುದು ಅಲ್ಲಿಗೂ ಇಲ್ಲಿಗೂ ಒಂದೇ. ಆದರೆ ಅಚ್ಚುಕಟ್ಟಿಲ್ಲ, ಊರೂ ಇಲ್ಲ. ಅಚ್ಚುಕಟ್ಟಿಲ್ಲದ, ಒಬ್ಬರದೇ ಆದ ಕೆರೆಯನ್ನು ‘ಖಾಸಗಿ ಕೆರೆ’ ಎಂದಾಗ ಊರಿನ ಕೆರೆಯನ್ನು ಯಾರೋ ಒತ್ತುವರಿ ಮಾಡಿಕೊಂಡರೆಂಬ ಅರ್ಥ ಇಣುಕುತ್ತದೆ. ನಮ್ಮ ಕಡೆ ‘ತೋಟದ ಕೆರೆ’ ಎಂಬ ಮಾತಿದೆ, ಅದರಲ್ಲಿ ಒಡೆತನ ತಾನಾಗಿ ತಿಳಿಯುತ್ತದೆ. ಆದರೆ ಅದರ ನೀರು ಅಡಿಕೆಗೆ ಹೋಗುತ್ತದೆಯೇ ಹೊರತು ವಿಹಾರಕ್ಕಲ್ಲ.

‘ಕಟ್ಟೆ’ ಎನ್ನೋಣವೆಂದರೆ ಮೈಸೂರು, ಮಂಡ್ಯದ ಕಡೆ ಅದು ದನ ನೀರು ಕುಡಿಯುವ ಚಿಕ್ಕ ಕೆರೆ, ‘ಕೆರೆಕಟ್ಟೆ’ ಎಂಬ ಜೋಡುನುಡಿಯಲ್ಲಿರುವುದೂ ಅದೇ. ಮಲೆನಾಡಿನವರಿಗೆ ಮೊದಲು ನೆನಪಾಗುವುದು ಅಶ್ವತ್ಥಕಟ್ಟೆ. ದಕ್ಷಿಣ ಕನ್ನಡದ ‘ಕಟ್ಟ’ ಮಳೆ ನಿಂತ ಮೇಲೆ ತೋಡಿಗೆ ಹಾಕುವ, ಮುಂದಿನ ಮಳೆಗೆ ಉಳಿಯದ ಒಡ್ಡು. ‘ಮದಗ’ ಕಿವಿಗೆ ಇಂಪಾದ ಪದ, ಮಾಸೂರಿನ ಮದಗದ ಕೆರೆಯಿಂದ ಎಲ್ಲರಿಗೂ ಪರಿಚಿತ. ಆದರೆ ಅದರ ಮೂಲಾರ್ಥ ತೂಬು. ಆನಂದಪುರದ ಬಳಿ ಮಲಂದೂರಿನಲ್ಲಿರುವ ಚಂಪಕ ಸರಸ್ಸನ್ನು ಕೆಳದಿಯ ಅರಸನೊಬ್ಬನ ಪ್ರೀತಿಯ ಕಥೆಯೊಡನೆ ಜನ ನೆನೆಯುತ್ತಾರೆ, ವಿಹಾರದ ನೀರೆಂದರೆ ನನಗೆ ಮೊದಲು ನೆನಪಾಗುವುದೂ ಅದೇ; ಆದರೆ ಅದು ಕಲ್ಲಿನ ಮೆಟ್ಟಿಲುಗಳ ಕೊಳ, ಏರಿಯಿಲ್ಲ.

‘ರಿಕ್ರಿಯೇಷನ್’ ಎಂಬುದಕ್ಕೆ ‘ಮನರಂಜನೆ’ಯನ್ನು ನಾನು ಕೈಬಿಟ್ಟಿದ್ದೇನೆ. ಆ ಪದದಲ್ಲಿ ರಂಜಿಸುವವರು ಬೇರೆ, ನೋಡುವವರು ಬೇರೆ. ‘ಜಲಕ್ರೀಡೆ’ ಚಂಪೂಕಾವ್ಯಗಳ ಹದಿನೆಂಟು ವರ್ಣನೆಗಳಲ್ಲೊಂದಾಗಿ ಬಂದ ಪದವಾದರೂ ಗಾಳ ಹಿಡಿದು ಸುಮ್ಮನೆ ದಡದಲ್ಲಿ ಕುಳಿತವರು ಅದರೊಳಗೆ ಬರುವುದಿಲ್ಲ. ‘ವಿಹಾರ’ ಇವೆರಡಕ್ಕಿಂತ ಮೇಲು.

ಹೀಗಾಗಿ ಸದ್ಯಕ್ಕೆ ‘ಸ್ವಂತ ಒಡೆತನದ ವಿಹಾರದ ಕೆರೆ’ ಎಂದೂ, ಕಟ್ಟಡವನ್ನಷ್ಟೇ ಹೇಳಬೇಕಾದಲ್ಲಿ ‘ಮಣ್ಣೇರಿ’ ಎಂದೂ ಬರೆದಿದ್ದೇನೆ. ‘ಹೆಗ್ಗೆರೆ’ಯ ಮಾದರಿಯಲ್ಲಿ ‘ವಿಹಾರಗೆರೆ’ ಎಂದು ಸಮಾಸ ಮಾಡಿ ನೋಡಿದೆ, ಓದುವವರಿಗೆ ಗೀಟಿನ ‘ಗೆರೆ’ ಅಡ್ಡಬರುತ್ತದೆ. ಸಾಗರ, ಹೊಸನಗರ, ಕೊಪ್ಪದ ಕಡೆ ಹೋಮ್‌ಸ್ಟೇ ನಡೆಸುವವರು ಅತಿಥಿಗಳಿಗೆಂದು ತಮ್ಮ ಜಮೀನಿನ ಹಳ್ಳಕ್ಕೆ ಮಣ್ಣು ಏರಿಸಿ ನಿಲ್ಲಿಸಿಕೊಂಡ ನೀರನ್ನು ಅವರ ಮನೆಯವರೂ ಆಳುಗಳೂ ತಮ್ಮತಮ್ಮಲ್ಲಿ ಏನೆಂದು ಕರೆಯುತ್ತಾರೆ? ಕೇಳಿ ಬಲ್ಲವರು, ಫಲಕದ ಮೇಲೆ ಬರೆದ ಹೆಸರನ್ನಲ್ಲ, ಬಾಯಿಮಾತಿನ ಪದವನ್ನು ಊರಿನ ಹೆಸರಿನೊಡನೆ ತಿಳಿಸಬೇಕೆಂದು ಕೋರುತ್ತೇನೆ.