ಶಿರಾ ಕಡೆಗೆ ಹಾಲಿನ ಮೇಕೆ: ಎಲ್ಲಿ ತಪ್ಪಿದೆವು?

ಪ್ರಶ್ನೆ: ನಮ್ಮ ಮಹಿಳಾ ಸಂಘದಿಂದ ಶಿರಾ ಕಡೆಯ 12 ಮನೆಗಳಿಗೆ ಮತ್ತೆ ಹಾಲಿನ ಮೇಕೆ ಕೊಡಬೇಕು. ಹೋದ ವರ್ಷ ಉತ್ತರ ಪ್ರದೇಶ ಕಡೆಯ ಉದ್ದ ಕಿವಿಯ ಹಾಲಿನ ತಳಿ ಜಮುನಾಪಾರಿ ತಂದಿದ್ದೆವು. ಟೆಂಪೋದಿಂದ ಇಳಿಸುವಾಗಲೇ ಎರಡರ ಮೂಗು ಸೋರುತ್ತಿತ್ತು. ವಾರದೊಳಗೆ ಸತ್ತವು.

ಉತ್ತರ 1: ಪಿಪಿಆರ್ (ಮೇಕೆ-ಕುರಿಗಳಿಗೆ ಬರುವ ಮಾರಕ ಅಂಟುರೋಗ) ಲಸಿಕೆ ಹಾಕಿಸಿದ್ರಾ? ಹೊರಡುವ ಮೂರು ವಾರ ಮುಂಚೆಯೇ ಆಗಿರಬೇಕು. ಬಂದ ಮೇಲೂ ಊರ ಮಂದೆಗೆ ಸೇರಿಸದೆ ಮೂರು ವಾರ ಬೇರೆ ಕಟ್ಟಿ.

ಉತ್ತರ 2: ನಂದಿದುರ್ಗ ತಳಿ ನೋಡಿ. ಹಾಲು ಕಡಿಮೆ, ಒಪ್ಪುತ್ತೇನೆ. ಆದರೆ ನಮ್ಮ ಬಿಸಿಲಿಗೆ ಒಗ್ಗಿದ್ದು, ಜಾಲಿಕಾಯಿ ತಿಂದು ಹಾಯಾಗಿರುತ್ತೆ. ನಮ್ಮಮ್ಮ ಟೀಗೆ ಆಗುವಷ್ಟು ಕರೆದು ಮಿಕ್ಕಿದ್ದನ್ನು ಮರಿಗೆ ಬಿಡುತ್ತಾರೆ.

ಪ್ರಶ್ನೆ ಕೇಳಿದವರು: ಲಸಿಕೆ ವಿಷಯ ಕೇಳಲೇ ಇಲ್ಲ ಸಾರ್. ಸುಮ್ನೆ ಉದ್ದ ಕಿವಿ ನೋಡಿ ಮರುಳಾದೆವು.