ಆಮ್‌ಸ್ಟರ್‌ಡ್ಯಾಮಿನ ಯೋರ್ಡಾನ್ ಬಡಾವಣೆಯ ಬೀದಿಗಳು ಓರೆಯಾಗಿರುವುದೇಕೆ?

ಪ್ರಶ್ನೆ: ಆಮ್‌ಸ್ಟರ್‌ಡ್ಯಾಮಿನ ನಕ್ಷೆಯಲ್ಲಿ ಪ್ರಿನ್ಸೆನ್‌ಗ್ರಾಖ್ಟ್ ಕಾಲುವೆಯವರೆಗೆ ಎಲ್ಲವೂ ಅಳತೆಪಟ್ಟಿ ಹಿಡಿದು ಗೀರಿದಂತೆ ಅಚ್ಚುಕಟ್ಟಾಗಿದೆ, ಅದನ್ನು ದಾಟಿ ಪಶ್ಚಿಮದ ಯೋರ್ಡಾನಿಗೆ ಬಂದರೆ ಕಿರಿದಾದ ಬೀದಿಗಳೆಲ್ಲ ಓರೆಯಾಗಿ ಹೊರಳುತ್ತವೆ. ಒಂದೇ ಕಾಲದ ಎರಡು ಭಾಗಗಳಲ್ಲಿ ಈ ವ್ಯತ್ಯಾಸವೇಕೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಮುಖ್ಯ ಕಾರಣ ಹಣ. 1613ರ ಸುಮಾರಿಗೆ ನಗರವನ್ನು ವಿಸ್ತರಿಸಿದಾಗ, ಸಿರಿವಂತ ವರ್ತಕರ ಮನೆಗಳಿಗೆಂದು ದೊಡ್ಡ ಕಾಲುವೆಗಳ ಆಸುಪಾಸಿನ ನೆಲವನ್ನು ನಗರಾಡಳಿತವೇ ವಶಪಡಿಸಿಕೊಂಡು, ಹೊಸದಾಗಿ ಅಳೆದು, ನಿವೇಶನಗಳಾಗಿ ಮಾರಿತು. ಕುಶಲಕರ್ಮಿಗಳು, ಕೂಲಿಕಾರರು, ವಲಸಿಗರು ನೆಲೆಸಿದ ಯೋರ್ಡಾನಿನಲ್ಲಿ ಆ ಖರ್ಚಿಗೆ ಕೈಹಾಕದೆ, ಹುಲ್ಲುಗಾವಲುಗಳ ನಡುವೆ ಮೊದಲೇ ಇದ್ದ ಬಸಿಗಾಲುವೆಗಳ ಮತ್ತು ಕಾಲುಹಾದಿಗಳ ಜಾಡನ್ನೇ ಉಳಿಸಿಕೊಳ್ಳಲಾಯಿತು. ನೀವು ಕಾಣುತ್ತಿರುವುದು ಹಳೆಯ ರೈತರ ಜಮೀನಿನ ಓರೆ.

ಉತ್ತರ 2: ಮೇಲಿನ ವಿವರಣೆ ಸರಿಯಾಗಿದೆ. ಕಸುಬಿನ ಗುರುತು ಹೆಸರುಗಳಲ್ಲೂ ಉಳಿದಿದೆ: ಲೋಯರ್ಸ್‌ಗ್ರಾಖ್ಟ್ ಎಂದರೆ ಚರ್ಮ ಹದಮಾಡುವವರ ಕಾಲುವೆ. ಹೂವಿನ ಹೆಸರುಗಳಂತೂ ಹತ್ತಾರಿವೆ. ಫ್ರೆಂಚಿನಲ್ಲಿ ತೋಟಕ್ಕಿರುವ ‘ಜಾರ್ದ್ಯಾ’ ಪದದಿಂದಲೇ ಯೋರ್ಡಾನ್ ಬಂತೆಂದು ಹಲವರು ಹೇಳುವುದು ಇದರಿಂದಲೇ ಇರಬೇಕು, ಆದರೆ ನನಗೆ ಅದು ಕೇಳಲು ಚೆನ್ನಾಗಿರುವ ಊಹೆಯಾಗಿಯೇ ತೋರುತ್ತದೆ. ಈಗ ರೋಜೆನ್‌ಗ್ರಾಖ್ಟಿನಲ್ಲಿ ನೀರನ್ನು ಹುಡುಕಿದರೆ ಟ್ರಾಮ್ ಹಳಿಗಳು ಸಿಗುತ್ತವೆ, ಏಕೆಂದರೆ ಆ ಕಾಲುವೆಯನ್ನು 1889ರಲ್ಲಿ ಮುಚ್ಚಲಾಯಿತು. ಚಿತ್ರಕಾರ ರೆಂಬ್ರಾಂಟ್ ದಿವಾಳಿಯಾದ ಮೇಲೆ ಬಾಡಿಗೆಗೆ ಬಂದು, 1669ರಲ್ಲಿ ಕೊನೆಯುಸಿರೆಳೆದದ್ದು ಅದರ ದಡದ ಮನೆಯಲ್ಲಿ. ವೆಸ್ಟರ್‌ಸ್ಟ್ರಾಟ್ ಅಷ್ಟು ಅಗಲವಾಗಿರುವುದಕ್ಕೂ 1861ರಲ್ಲಿ ಮುಚ್ಚಿದ ಕಾಲುವೆಯೇ ಕಾರಣ.

ಉತ್ತರ 3: ಲಿಂಡೆನ್‌ಗ್ರಾಖ್ಟನ್ನು ಮರೆಯಬಾರದು. ಕಾಲುವೆಗೆ ಅಡ್ಡಲಾಗಿ ಹಗ್ಗ ಕಟ್ಟಿ, ಅದರಿಂದ ಜೀವಂತ ಹಾವುಮೀನನ್ನು ತೂಗುಬಿಟ್ಟು, ದೋಣಿಯಲ್ಲಿ ನಿಂತವರು ಅದನ್ನು ಎಳೆದು ಕೀಳುವ ಆಟವೊಂದಿತ್ತು. ಕಾನೂನು ಅದನ್ನು ನಿಷೇಧಿಸಿದ್ದರೂ 1886ರ ಜುಲೈ 25ರಂದು ಜನ ಆಡಿದರು. ಪೊಲೀಸರು ಹಗ್ಗವನ್ನು ಕತ್ತರಿಸಿದ್ದೇ ತಡ, ಗಲಭೆ ಹೊತ್ತಿಕೊಂಡಿತು. ಮರುದಿನ ಸೈನಿಕರು ಗುಂಡು ಹಾರಿಸಿದರು. ಒಟ್ಟು 26 ಮಂದಿ ಸತ್ತರು. ಬಡತನ, ಇಕ್ಕಟ್ಟಿನ ವಸತಿ, ಆಡಳಿತದ ಮೇಲಿನ ಹಳೆಯ ಸಿಟ್ಟು ಇವೆಲ್ಲ ಒಳಗೇ ಕುದಿಯುತ್ತಿರದಿದ್ದರೆ ಒಂದು ಹಗ್ಗಕ್ಕಾಗಿ ಅಷ್ಟು ರಕ್ತ ಹರಿಯುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಹಾಗಾದರೆ ಆ ಲಿಂಡೆನ್‌ಗ್ರಾಖ್ಟಿನಲ್ಲಿ ಈಗಲೂ ನೀರಿದೆಯೇ?

ಉತ್ತರ 3: ಇಲ್ಲ, 1895ರಲ್ಲಿ ಅದನ್ನೂ ಮುಚ್ಚಿದರು. ಈಗ ಶನಿವಾರದಂದು ಅಲ್ಲಿ ಸಂತೆ ನೆರೆಯುತ್ತದೆ.